ಏಕಟ್ಠಿಗೆ ಒಂದು ಕಡಿಮೆ

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಒಂದು ಪ್ರಾಕೃತ ಗಾಹೆ ಇದೆ. ಅದರಲ್ಲಿ ಉಪಮೆಯಿಲ್ಲ, ವರ್ಣನೆಯಿಲ್ಲ, ಉಪದೇಶವೂ ಇಲ್ಲ. ಇರುವುದೆಲ್ಲ ಅಂಕಿಗಳ ಹೆಸರು: ಒಂದು, ಎಂಟು, ನಾಲ್ಕು, ನಾಲ್ಕು, ಆರು, ಏಳು ಹೀಗೆ ಇಪ್ಪತ್ತು ಅಂಕಿಗಳು. ಅವನ್ನು ಸಾಲಾಗಿ ಬರೆದರೆ 18446744073709551615 ಎಂಬ ಸಂಖ್ಯೆ ಸಿಗುತ್ತದೆ. ಶ್ರುತಜ್ಞಾನದ ಅಕ್ಷರಗಳು ಒಟ್ಟು ಇಷ್ಟು ಎಂದು ಗ್ರಂಥಕಾರ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಮಾತು.

ಇಂಥ ಸಂಖ್ಯೆ ಎದುರಾದಾಗ ನಮ್ಮಲ್ಲಿ ಎರಡು ಬಗೆಯ ಓದು ರೂಢಿಯಲ್ಲಿದೆ. ಒಂದು, ಕೈಮುಗಿಯುವ ಓದು: ಸಾವಿರ ವರ್ಷದ ಹಿಂದೆಯೇ ಇಷ್ಟು ದೊಡ್ಡ ಸಂಖ್ಯೆ ನಮ್ಮವರಿಗೆ ಗೊತ್ತಿತ್ತು, ಇಂದಿನ ಕಂಪ್ಯೂಟರು ಕೂಡ ಇದೇ ಸಂಖ್ಯೆಯ ಮೇಲೆ ನಿಂತಿದೆ ಎಂದು ಹೆಮ್ಮೆಪಟ್ಟು ಮುಂದೆ ಹೋಗುವುದು. ಇನ್ನೊಂದು, ಕೈಬಿಡುವ ಓದು: ಪುರಾಣದವರಿಗೆ ಕೋಟಿ ಕೋಟಿ ಎನ್ನುವುದು ಬಾಯಿಚಟ, ಇದೂ ಅಂಥದೇ ಉತ್ಪ್ರೇಕ್ಷೆ ಎಂದು ಪುಟ ತಿರುವುವುದು. ಮೇಲುನೋಟಕ್ಕೆ ವಿರುದ್ಧವಾಗಿ ಕಂಡರೂ ಇವೆರಡೂ ಒಂದೇ ಕಡೆ ಎಡವುತ್ತವೆ. ಎರಡರಲ್ಲೂ ಯಾರೂ ಆ ಸಂಖ್ಯೆಯನ್ನು ಓದುವುದಿಲ್ಲ. ಒಂದು ಪದ್ಯವನ್ನು ಬಿಡಿಸಿ, ಅನ್ವಯ ಮಾಡಿ, ಸಮಾಸ ಒಡೆದು ಓದುವ ನಾವು ಸಂಖ್ಯೆ ಬಂದ ಕೂಡಲೇ ಅದನ್ನು ಒಂದು ಕಲ್ಲಿನ ಹಾಗೆ ಇಡಿಯಾಗಿ ಎತ್ತಿಡುತ್ತೇವೆ. ಸಮಾಸವನ್ನು ಒಡೆಯುವ ಹಾಗೆ ಸಂಖ್ಯೆಯನ್ನೂ ಒಡೆಯಬಹುದು; ಅದರ ಅವಿಭಾಜ್ಯ ಅಪವರ್ತನಗಳನ್ನು ತೆಗೆದು ನೋಡಬಹುದು. ಹಾಗೆ ಮಾಡಿದರೆ ಈ ಗಾಹೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಹಿನ್ನೆಲೆ. ನೇಮಿಚಂದ್ರ ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನ ಕಾಲದವನು. ಚಾವುಂಡರಾಯ 978ರಲ್ಲಿ ಕನ್ನಡ ಗದ್ಯದಲ್ಲಿ ‘ಚಾವುಂಡರಾಯ ಪುರಾಣ’ ಬರೆದವನು, ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದವನು. ಗೊಮ್ಮಟ ಎಂಬುದು ಅವನದೇ ಇನ್ನೊಂದು ಹೆಸರು. ಗ್ರಂಥಕ್ಕೂ ಆ ಹೆಸರೇ ಬಂತು. ಷಟ್ಖಂಡಾಗಮ ಮತ್ತು ಅದರ ‘ಧವಲಾ’ ಟೀಕೆಯ ವಿಶಾಲವಾದ ವಿಚಾರವನ್ನು ಅಡಕಮಾಡಿ ಕೊಡುವುದು ಗೊಮ್ಮಟಸಾರದ ಕೆಲಸ. ಆದ್ದರಿಂದ ಈ ಲೆಕ್ಕವನ್ನು ನೇಮಿಚಂದ್ರ ತಾನೇ ಕಂಡುಹಿಡಿದ ಎನ್ನಬೇಕಾಗಿಲ್ಲ. ಅವನು ಒಂದು ಪರಂಪರೆಯ ಸಂಗ್ರಹಕಾರ. ಅವನ ಹೆಚ್ಚುಗಾರಿಕೆ ಇರುವುದು ಅಡಕದಲ್ಲಿ.

ಅಡಕ ಎಷ್ಟರಮಟ್ಟಿನದು ಎಂದರೆ, ಇಡೀ ವಿಷಯ ಮೂರು ಗಾಹೆಗಳಲ್ಲಿ ಮುಗಿಯುತ್ತದೆ. ಮೊದಲನೆಯದು ಸಾಮಗ್ರಿಯನ್ನು ಹೇಳುತ್ತದೆ: ವ್ಯಂಜನ 33, ಸ್ವರ 27, ಯೋಗವಾಹ 4, ಒಟ್ಟು 64 ಮೂಲವರ್ಣಗಳು. ಒಂಬತ್ತು ಸ್ವರಗಳಿಗೆ ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಮೂರು ರೂಪ ಹಿಡಿದರೆ 27. ಎರಡನೆಯದು ವಿಧಾನವನ್ನು ಹೇಳುತ್ತದೆ: 64ನ್ನು ಒಂದೊಂದಾಗಿ ಹರಡು, ಪ್ರತಿಯೊಂದರ ಮೇಲೂ ಎರಡನ್ನು ಇಡು, ಎಲ್ಲವನ್ನೂ ಗುಣಿಸು, ಬಂದದ್ದರಲ್ಲಿ ಒಂದನ್ನು ಕಳೆ. ಮೂರನೆಯದು ಉತ್ತರ: ಆ ಇಪ್ಪತ್ತು ಅಂಕಿಗಳು. ಸಾಮಗ್ರಿ, ವಿಧಾನ, ಉತ್ತರ ಮೂರನ್ನೂ ಕೊಟ್ಟವನು ಓದುಗನಿಗೆ ಪರೀಕ್ಷೆಯ ಹಕ್ಕನ್ನೂ ಕೊಟ್ಟಿದ್ದಾನೆ. ಉತ್ಪ್ರೇಕ್ಷೆ ಮಾಡುವವನು ವಿಧಾನ ಹೇಳುವುದಿಲ್ಲ.

ಪ್ರತಿ ವರ್ಣದ ಮೇಲೂ ಎರಡನ್ನೇ ಏಕೆ ಇಡಬೇಕು? ಒಂದು ಸಂಯೋಗದಲ್ಲಿ ಆ ವರ್ಣ ಇರಬಹುದು ಅಥವಾ ಇಲ್ಲದಿರಬಹುದು. ಇರುವುದು ಎರಡೇ ದಾರಿ. 64 ವರ್ಣಗಳಿಗೂ ಹೀಗೆ ಎರಡೆರಡು ದಾರಿಯಾದರೆ ಎರಡನ್ನು 64 ಸಲ ಗುಣಿಸಬೇಕು. ಇದರಲ್ಲಿ ಒಂದೇ ವರ್ಣ ಇರುವ ಭಂಗಗಳು 64, ಎರಡು ವರ್ಣಗಳವು 2016, ಮೂರರವು 41664. ಹೀಗೆ ಏರುತ್ತ ಹೋಗಿ, 64 ವರ್ಣಗಳೂ ಕೂಡಿದ ಒಂದೇ ಒಂದು ಭಂಗಕ್ಕೆ ಮುಗಿಯುತ್ತದೆ. ಕೊನೆಗೆ ಒಂದನ್ನು ಕಳೆಯುವುದು ಏಕೆಂದರೆ, ಯಾವ ವರ್ಣವೂ ಇಲ್ಲದ ಬರಿದಾದ ಆಯ್ಕೆಯೂ ಗುಣಾಕಾರದಲ್ಲಿ ಸೇರಿಕೊಂಡಿರುತ್ತದೆ, ಅದು ಅಕ್ಷರವಲ್ಲ. ಈ ‘ಒಂದು ಕಡಿಮೆ’ಯಲ್ಲೇ ಲೆಕ್ಕ ಹಾಕಿದವನ ಎಚ್ಚರ ಕಾಣುತ್ತದೆ. ಇಪ್ಪತ್ತು ಅಂಕಿಗಳ ಸಂಖ್ಯೆಯಲ್ಲಿ ಒಂದು ಹೆಚ್ಚಾದರೇನು, ಕಡಿಮೆಯಾದರೇನು ಎಂದು ಬೆರಗು ಹುಟ್ಟಿಸಲು ಹೊರಟವನು ಸುಮ್ಮನಿರುತ್ತಿದ್ದ. ಇಲ್ಲಿ ಆ ಒಂದಕ್ಕೂ ಅರ್ಥವಿದೆ.

ಈಗ ಒಡೆಯೋಣ. ಜೈನ ಗಣಿತದಲ್ಲಿ ಎರಡನ್ನು 16 ಸಲ ಗುಣಿಸಿ ಬರುವ 65536ಕ್ಕೆ ‘ಪಣ್ಣಟ್ಠಿ’ ಎಂದು ಹೆಸರು. ಅದರ ವರ್ಗ 4294967296ಕ್ಕೆ ‘ಬಾದಾಲ’. ಬಾದಾಲದ ವರ್ಗಕ್ಕೆ ‘ಏಕಟ್ಠಿ’. ಈ ಹೆಸರುಗಳೇ ಸೊಗಸಾಗಿವೆ: ಪಣ್ಣಟ್ಠಿ ಎಂದರೆ ಅರವತ್ತೈದು, ಬಾದಾಲ ಎಂದರೆ ನಲವತ್ತೆರಡು, ಏಕಟ್ಠಿ ಎಂದರೆ ಒಂದು-ಎಂಟು. ಸಂಖ್ಯೆಯ ಮೊದಲ ಎರಡು ಅಂಕಿಗಳೇ ಅದರ ಕರೆಯುವ ಹೆಸರಾಗಿವೆ, ಉದ್ದದ ಹೆಸರಿನವರನ್ನು ಮನೆಯಲ್ಲಿ ಮೊದಲ ಎರಡು ಅಕ್ಷರದಲ್ಲಿ ಕೂಗುವ ಹಾಗೆ. ನಮ್ಮ ಗಾಹೆಯ ಸಂಖ್ಯೆ ಏಕಟ್ಠಿಗೆ ಒಂದು ಕಡಿಮೆ.

ಒಂದು ವರ್ಗದಿಂದ ಒಂದನ್ನು ಕಳೆದರೆ ಅದು ಎರಡು ಭಾಗವಾಗಿ ಒಡೆಯುತ್ತದೆ ಎಂಬುದು ಹೈಸ್ಕೂಲಿನ ಪಾಠ. ಏಕಟ್ಠಿಗೆ ಒಂದು ಕಡಿಮೆ ಎಂದರೆ, ಬಾದಾಲದ ಮೇಲೊಂದನ್ನು ಬಾದಾಲಕ್ಕೆ ಒಂದು ಕಡಿಮೆಯಾದದ್ದರಿಂದ ಗುಣಿಸಿದ್ದು. ಬಾದಾಲವೂ ಒಂದು ವರ್ಗವೇ. ಹಾಗಾಗಿ ಅದಕ್ಕೆ ಒಂದು ಕಡಿಮೆಯಾದದ್ದು ಪಣ್ಣಟ್ಠಿಯ ಆಚೀಚೆಯ ಎರಡು ಸಂಖ್ಯೆಗಳಾಗಿ ಒಡೆಯುತ್ತದೆ. ಪಣ್ಣಟ್ಠಿ 256ರ ವರ್ಗ, 256 ಹದಿನಾರರ ವರ್ಗ, ಹದಿನಾರು ನಾಲ್ಕರ ವರ್ಗ, ನಾಲ್ಕು ಎರಡರ ವರ್ಗ. ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದರೆ ಕೈಗೆ ಸಿಗುವವು ಆರು ಸಂಖ್ಯೆಗಳು: 3, 5, 17, 257, 65537, 4294967297. ಇವುಗಳಲ್ಲಿ ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು.

ಆರನೆಯದರ ಕಥೆ ಬೇರೆ. ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಇರಬೇಕು ಎಂದು ಫ್ರಾನ್ಸಿನ ಫರ್ಮಾ 1640ರಲ್ಲಿ ಊಹಿಸಿದ. ಸುಮಾರು ತೊಂಬತ್ತು ವರ್ಷ ಆ ಊಹೆ ನಿಂತಿತು. 1732ರಲ್ಲಿ ಆಯ್ಲರ್, 4294967297 ಎಂದರೆ 641 ಗುಣಿಸು 6700417 ಎಂದು ತೋರಿಸಿ ಅದನ್ನು ಮುರಿದ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವೊಂದು ಇದ್ದರೆ ಅದು 64ರ ಯಾವುದೋ ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕು ಎಂಬುದನ್ನು ಸಾಧಿಸಬಹುದು. 641 ಎಂದರೆ ಹತ್ತು ಅರವತ್ತನಾಲ್ಕು, ಮೇಲೊಂದು. ಹೀಗೆ 64 ವರ್ಣಗಳಿಂದ ಹೊರಟ ಲೆಕ್ಕವನ್ನು ಪೂರ್ತಿ ಒಡೆದಾಗ ಒಳಗೂ 64 ಸಿಗುತ್ತದೆ. ಒಟ್ಟಿನಲ್ಲಿ ಗಾಹೆಯ ಸಂಖ್ಯೆ 3, 5, 17, 257, 641, 65537, 6700417 ಎಂಬ ಏಳು ಅವಿಭಾಜ್ಯಗಳ ಗುಣಲಬ್ಧ. ಯಾವುದೂ ಎರಡನೆಯ ಸಲ ಬರುವುದಿಲ್ಲ. ಇದನ್ನು ನೇಮಿಚಂದ್ರ ಬಲ್ಲನಾಗಿದ್ದ ಎಂದು ಹೇಳಲು ಆಧಾರವಿಲ್ಲ, ಹೇಳುವ ಅಗತ್ಯವೂ ಇಲ್ಲ. ಪದ್ಯದಲ್ಲಿ ಕವಿಗೆ ತಿಳಿಯದ ಧ್ವನಿಯನ್ನು ಓದುಗ ಕಾಣಬಹುದಾದರೆ, ಸಂಖ್ಯೆಯಲ್ಲಿ ಲೆಕ್ಕಿಗನಿಗೆ ತಿಳಿಯದ ಗುಣವನ್ನೂ ಕಾಣಬಹುದು.

ಈ ಅಪವರ್ತನಗಳಿಂದ ಸಾಹಿತ್ಯದ ವಿದ್ಯಾರ್ಥಿಗೆ ಏನು ಪ್ರಯೋಜನ? ಮೊದಲನೆಯದು ಗ್ರಂಥಸಂಪಾದನೆಗೆ ಸಂಬಂಧಿಸಿದ್ದು. ಓಲೆಗರಿಯ ಪ್ರತಿಕಾರನಿಗೆ ಅಂಕಿಗಳ ಸಾಲು ದೊಡ್ಡ ಅಪಾಯ. ಪದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಅರ್ಥ ಕೆಡುತ್ತದೆ, ಓದುಗ ಎಚ್ಚರಗೊಳ್ಳುತ್ತಾನೆ. ಅಂಕಿ ತಪ್ಪಿದರೆ ಅರ್ಥವೇನೂ ಕೆಡುವುದಿಲ್ಲ, ಇನ್ನೊಂದು ದೊಡ್ಡ ಸಂಖ್ಯೆ ಅಲ್ಲಿ ಕೂತಿರುತ್ತದೆ. ಈ ಗಾಹೆಯಲ್ಲಂತೂ ನಾಲ್ಕಕ್ಕೆ ‘ಚ’ ಎಂಬ ಒಂದೇ ಅಕ್ಷರ ಇದೆ. ‘ಚ’ ಎಂದರೆ ‘ಮತ್ತು’ ಎಂದೂ ಆಗುತ್ತದೆ. ಅವಸರದ ಕೈ ಒಂದು ‘ಚ’ಕಾರವನ್ನು ಪಾದಪೂರಣವೆಂದು ಬಿಟ್ಟರೆ ಇಪ್ಪತ್ತು ಅಂಕಿ ಹತ್ತೊಂಬತ್ತಾಗುತ್ತದೆ.

ಸರಿಯಾದ ಸಂಖ್ಯೆಯ ಅಂಕಿಗಳ ಮೊತ್ತ 87. ಅದು ಮೂರರಿಂದ ಭಾಗವಾಗುತ್ತದೆ. ಒಂದು ನಾಲ್ಕು ಬಿಟ್ಟುಹೋದರೆ 83. ಆಗುವುದಿಲ್ಲ, ತಪ್ಪು ಸಿಕ್ಕಿತು. ಆದರೆ ಪಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗದು; ಮೂರು ಇಲ್ಲಿ ಸೋಲುತ್ತದೆ. ಆಗ 17 ನೆರವಿಗೆ ಬರುತ್ತದೆ. ಯಾವುದೇ ಒಂದು ಅಂಕಿ ತಪ್ಪಾಗಲಿ, ಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಸ್ಥಾನ ಬದಲಿಸಲಿ, ಸಂಖ್ಯೆ ಮತ್ತೆ 17ರಿಂದ ಭಾಗವಾಗಲಾರದು. ಏಕೆಂದರೆ ಮೊದಲನೆಯ ಬಗೆಯ ತಪ್ಪಿನಲ್ಲಿ ಬರುವ ವ್ಯತ್ಯಾಸ ಒಂಬತ್ತಕ್ಕೆ ಮೀರದ ಒಂದು ಅಂಕಿ ಮತ್ತು ಹತ್ತುಗಳ ಗುಣಲಬ್ಧ. ಎರಡನೆಯದರಲ್ಲಿ ಅದಕ್ಕೆ ಇನ್ನೊಂದು ಒಂಬತ್ತು ಸೇರುತ್ತದೆ, ಅಷ್ಟೆ. ಇವುಗಳಲ್ಲಿ 17 ಅಡಗಲು ಜಾಗವಿಲ್ಲ. ಕವಿಕಾವ್ಯದ ಪಾಠಾಂತರಗಳ ಮುಂದೆ ಸಂಪಾದಕ ತನ್ನ ವಿವೇಚನೆಯನ್ನೇ ನಂಬಬೇಕು. ಇಲ್ಲಿ ಪಾಠದ ಒಳಗೇ ಸಾಕ್ಷಿ ಇದೆ. ನೇಮಿಚಂದ್ರನ ಗಾಹೆ ಈ ಪರೀಕ್ಷೆಗಳಲ್ಲೆಲ್ಲ ತೇರ್ಗಡೆಯಾಗಿದೆ. ಶತಮಾನಗಳ ಪ್ರತಿಕಾರರ ಕೈದಾಟಿ ಬಂದ ಇಪ್ಪತ್ತು ಅಂಕಿಗಳಲ್ಲಿ ಒಂದೂ ಅಲುಗಾಡಿಲ್ಲ.

ಎರಡನೆಯ ಪ್ರಯೋಜನ ಇನ್ನೂ ದೊಡ್ಡದು. ಗ್ರಂಥ ಇಲ್ಲಿಗೇ ನಿಲ್ಲಿಸುವುದಿಲ್ಲ. ಈ ಅಕ್ಷರರಾಶಿಯನ್ನು ಪದಗಳಾಗಿ ಹಂಚುತ್ತದೆ. ಒಂದು ‘ಮಧ್ಯಮಪದ’ಕ್ಕೆ 1634 ಕೋಟಿ 83 ಲಕ್ಷ 7 ಸಾವಿರದ 888 ಅಕ್ಷರಗಳು. ಈ ಅಳತೆಯಿಂದ ಒಟ್ಟು ರಾಶಿಯನ್ನು ಭಾಗಿಸಿದರೆ 112 ಕೋಟಿ 83 ಲಕ್ಷ 58 ಸಾವಿರದ 5 ಪದಗಳು ಬರುತ್ತವೆ. ಇವು ದ್ವಾದಶಾಂಗಗಳ ಪದಗಳು. ಉಳಿಯುವ ಶೇಷ 8 ಕೋಟಿ 1 ಲಕ್ಷ 8 ಸಾವಿರದ 175 ಅಕ್ಷರಗಳು; ಇವು ಅಂಗಬಾಹ್ಯ ಶ್ರುತದ್ದು. ಕಾಗದ, ಪೆನ್ನು ಹಿಡಿದು ಗುಣಿಸಿ, ಶೇಷ ಕೂಡಿಸಿ ನೋಡಿ: ಇಪ್ಪತ್ತು ಅಂಕಿಗಳೂ ಒಂದೂ ತಪ್ಪದೆ ಮರಳಿ ಬರುತ್ತವೆ. ಬಾಯಿಗೆ ಬಂದ ಕೋಟಿಗಳನ್ನು ಹೇಳುವವನ ಲೆಕ್ಕ ಹೀಗೆ ಕೂಡಿಬರುವುದಿಲ್ಲ.

ಈಗ ಅಪವರ್ತನಗಳನ್ನು ಈ ಭಾಗಾಕಾರದ ಪಕ್ಕದಲ್ಲಿಡಿ. ರಾಶಿಯ ಏಳೂ ಅವಿಭಾಜ್ಯಗಳು ಬೆಸಸಂಖ್ಯೆಗಳು. ‘ಒಂದು ಕಡಿಮೆ’ಯ ಕಾರಣದಿಂದ ಅದರಲ್ಲಿ ಎರಡಕ್ಕೆ ಜಾಗವೇ ಇಲ್ಲ. ಮಧ್ಯಮಪದದ ಅಳತೆಯಾದರೋ ಹದಿನಾರರಿಂದ ಭಾಗವಾಗುವ ಸಮಸಂಖ್ಯೆ. ಸಮಸಂಖ್ಯೆ ಬೆಸಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಲಾರದು. ಅಂದರೆ ಈ ಅಳತೆಗೋಲು ಹಿಡಿದು ಶ್ರುತವನ್ನು ಅಳೆಯಲು ಹೊರಟ ಕ್ಷಣದಲ್ಲೇ ಏನೋ ಉಳಿದೇ ಉಳಿಯುತ್ತದೆ ಎಂಬುದು ನಿಶ್ಚಯವಾಗಿತ್ತು. ಬರಿದಾದ ಆಯ್ಕೆಯನ್ನು ಪ್ರಾಮಾಣಿಕವಾಗಿ ಕಳೆದವನಿಗೆ ಉಳಿಕೆಯಿಲ್ಲದ ಶಾಸ್ತ್ರ ಸಿಗುವಂತಿರಲಿಲ್ಲ. ಉಳಿಕೆಗಾಗಿಯೇ ಅಂಗಬಾಹ್ಯ ಎಂಬ ವರ್ಗ ಹುಟ್ಟಿತು ಎಂದು ಇದರಿಂದ ತೀರ್ಮಾನಿಸಬಾರದು. ಹನ್ನೆರಡು ಅಂಗಗಳ ಹೊರಗಿನ ಗ್ರಂಥಗಳಿಗೆ ಆ ಪರಂಪರೆಯಲ್ಲಿ ತಮ್ಮದೇ ಚರಿತ್ರೆ ಇದೆ. ಆದರೆ ಗ್ರಂಥ ಮಾಡಿದ ಕೆಲಸವನ್ನು ಗಮನಿಸಬೇಕು: ಶೇಷವನ್ನು ಅಳಿಸಲಿಲ್ಲ, ಸುತ್ತುಸಂಖ್ಯೆ ಮಾಡಿ ಮುಚ್ಚಲಿಲ್ಲ, ಅದಕ್ಕೊಂದು ಹೆಸರಿಟ್ಟು, ಪ್ರಮಾಣ ಹೇಳಿ, ಶ್ರುತದ ಒಳಗೇ ಸ್ಥಾನ ಕೊಟ್ಟಿತು. ಒಂದು ಸಂಖ್ಯೆಯನ್ನು ಸಾಹಿತ್ಯವಾಗಿ ಓದುವುದೆಂದರೆ ಇಂಥ ನಿರ್ಧಾರಗಳನ್ನು ಓದುವುದು.

ಹಾಗಿದ್ದರೆ ಲೋಕದ ಎಲ್ಲ ಭಾಷೆಗಳ ಎಲ್ಲ ಮಾತುಗಳೂ ಈ ಸಂಖ್ಯೆಯೊಳಗೆ ಬಂದುಬಿಟ್ಟವೇ? ಕೈಮುಗಿಯುವ ಓದು ಹಾಗೆ ಹೇಳಲು ಹಾತೊರೆಯುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಇಲ್ಲಿ ಎಣಿಸಿರುವುದು ಯಾವ ವರ್ಣಗಳು ಕೂಡಿವೆ ಎಂಬುದನ್ನು ಮಾತ್ರ. ಯಾವ ಕ್ರಮದಲ್ಲಿ, ಎಷ್ಟು ಸಲ ಎಂಬುದನ್ನಲ್ಲ. ಅ, ರ್, ಸ್ ಎಂಬ ಮೂರು ವರ್ಣಗಳನ್ನು ತೆಗೆದುಕೊಳ್ಳಿ. ‘ರಸ’ ಆಗುತ್ತದೆ, ‘ಸರ’ ಆಗುತ್ತದೆ, ‘ಅರಸ’ ಆಗುತ್ತದೆ, ‘ಸರಸ’ವೂ ಆಗುತ್ತದೆ. ನೇಮಿಚಂದ್ರನ ಎಣಿಕೆಯಲ್ಲಿ ಈ ನಾಲ್ಕೂ ಸೇರಿ ಒಂದೇ ಭಂಗ, 41664 ತ್ರಿಸಂಯೋಗಗಳಲ್ಲಿ ಒಂದು. ಕಾವ್ಯ ಹುಟ್ಟುವುದು ಆ ನಾಲ್ಕರ ನಡುವಿನ ವ್ಯತ್ಯಾಸದಲ್ಲಿ. ಛಂದಸ್ಸಿನ ಪ್ರಸ್ತಾರದ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. ಪಾದಕ್ಕೆ ಆರು ಅಕ್ಷರದ ವೃತ್ತಗಳು 64 ಎಂದು ಛಂದಶ್ಶಾಸ್ತ್ರ ಹೇಳುವಾಗ ಅಲ್ಲಿ ಲಘು-ಗುರುಗಳ ಕ್ರಮವೇ ಮುಖ್ಯ. ಎಲ್ಲ ಲಘುವಾದರೂ ಅದೊಂದು ವೃತ್ತವೇ, ಆದ್ದರಿಂದ ಅಲ್ಲಿ ಒಂದನ್ನು ಕಳೆಯುವ ಪ್ರಶ್ನೆಯೂ ಇಲ್ಲ. ಎರಡು ಲೆಕ್ಕಗಳೂ ಎರಡರ ಘಾತಗಳೇ. ಆದರೆ ಒಂದು ಲಯವನ್ನು ಎಣಿಸುತ್ತದೆ, ಇನ್ನೊಂದು ಮೂಲದ್ರವ್ಯವನ್ನು.

ಇನ್ನೂ ಒಂದು ಮಾತು. ಈ ಸಂಖ್ಯೆಯ ಚೆಲುವು 64 ಎಂಬ ಆಯ್ಕೆಯಿಂದ ಬಂದದ್ದು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡಕ್ಕೆ 47 ವರ್ಣಗಳೆಂದು ಎಣಿಸಿದ. ಅದೇ ವಿಧಾನವನ್ನು 47ಕ್ಕೆ ಹಚ್ಚಿದರೆ 140737488355327 ಬರುತ್ತದೆ. ಒಡೆದರೆ 2351, 4513, 13264529 ಎಂಬ ಮೂರೇ ಅವಿಭಾಜ್ಯಗಳು. ಅರ್ಧಕ್ಕೆ ಅರ್ಧ ಇಳಿದುಬರುವ ಮೆಟ್ಟಿಲುಗಳಿಲ್ಲ. ಪಣ್ಣಟ್ಠಿ, ಬಾದಾಲಗಳ ಸುಳಿವಿಲ್ಲ. 47 ತಾನೇ ಅವಿಭಾಜ್ಯವಾದ್ದರಿಂದ ಇಳಿಯಲು ದಾರಿಯಿಲ್ಲ. ಶುದ್ಧ ಕನ್ನಡದ ನುಡಿಯನ್ನು ಕಿವಿಗೊಟ್ಟು ಕೇಳಿ ಎಣಿಸಿದ ವೈಯಾಕರಣನಿಗೆ ಸಿಕ್ಕಿದ್ದು ಒರಟಾದ 47. ಪ್ಲುತಗಳನ್ನೂ ಯೋಗವಾಹಗಳನ್ನೂ ಸೇರಿಸಿ ಪೂರ್ಣತೆಯನ್ನು ಬಯಸಿದ ಸಿದ್ಧಾಂತಿಗೆ ಸಿಕ್ಕಿದ್ದು ನಯವಾದ 64. ಒಬ್ಬನದು ಆಡುವ ನುಡಿ, ಇನ್ನೊಬ್ಬನದು ಸಾಧ್ಯವಾದ ನುಡಿ. ಎರಡನ್ನೂ ಒಂದೇ ಎಂದುಕೊಂಡಾಗ ಗೊಂದಲ ಶುರುವಾಗುತ್ತದೆ. 1ರಿಂದ 64ರವರೆಗಿನ ಅಂಕಿಗಳನ್ನು 27 ಸಾಲು, 27 ಕಂಬದ ಚಕ್ರಗಳಲ್ಲಿ ತುಂಬಿರುವ ‘ಸಿರಿಭೂವಲಯ’ದ ಸುತ್ತ ನಡೆದ ಚರ್ಚೆಯಲ್ಲಿ ಬೆರಗಿನ ಪಾಲು ಹೆಚ್ಚು, ಪರೀಕ್ಷೆಯ ಪಾಲು ಕಡಿಮೆ ಆಗಿರುವುದಕ್ಕೆ ಇದೂ ಒಂದು ಕಾರಣ.

ಮೊದಲು ಯಾರು ಎಂಬ ಜಗಳಕ್ಕೂ ಇಲ್ಲಿ ಹುರುಳಿಲ್ಲ. ಚದುರಂಗದ ಮನೆಗಳಲ್ಲಿ ಕಾಳುಗಳನ್ನು ಇಮ್ಮಡಿಸುತ್ತ ಹೋಗುವ ಕಥೆಯ ಉತ್ತರವೂ ಇದೇ ಇಪ್ಪತ್ತು ಅಂಕಿ. ನೇಮಿಚಂದ್ರನ ಕಾಲಕ್ಕೆ ಹತ್ತಿರದಲ್ಲೇ, ಸುಮಾರು 1000ದಲ್ಲಿ, ಅಲ್‌ಬಿರೂನಿ ಅದನ್ನು ಲೆಕ್ಕ ಹಾಕಿ ಬರೆದಿದ್ದಾನೆ. ಅಲ್ಲಿ ಅದು ರಾಜನ ಅಹಂಕಾರಕ್ಕೆ ಪಾಠ, ಇಲ್ಲಿ ಜ್ಞಾನದ ಅಳತೆ. ಒಂದೇ ಸಂಖ್ಯೆ ಎರಡು ಕಡೆ ಎರಡು ಅರ್ಥ ಹೊತ್ತು ನಿಂತಿರುವುದು ವಿಮರ್ಶಕನಿಗೆ ಯಾರು ಮೊದಲು ಎಂಬುದಕ್ಕಿಂತ ಹೆಚ್ಚು ಕುತೂಹಲದ ವಿಷಯ.

ಕೊನೆಯದಾಗಿ ನಮ್ಮ ಸಾಹಿತ್ಯಚರಿತ್ರೆಗೆ ಸಂಬಂಧಿಸಿದ ಒಂದು ಸಂಗತಿ. ಈ ಪ್ರಾಕೃತ ಗ್ರಂಥಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿ ವೃತ್ತಿ ಬರೆದ. ‘ಜೀವತತ್ತ್ವಪ್ರದೀಪಿಕೆ’ ಎಂದು ಅದರ ಹೆಸರು. ಅದೇ ಹೆಸರಿನ ಸಂಸ್ಕೃತ ಟೀಕೆಯೂ ಕೇಶವವರ್ಣಿಯದೇ ಎಂಬ ತಿಳಿವಳಿಕೆ ಬಹುಕಾಲ ಇತ್ತು. ಸಂಸ್ಕೃತದ್ದು ಆಮೇಲಿನ ಇನ್ನೊಬ್ಬ ನೇಮಿಚಂದ್ರನದು, ಅದಕ್ಕೆ ಆಧಾರ ಕೇಶವವರ್ಣಿಯ ಕನ್ನಡ ವೃತ್ತಿ ಎಂದು ಬಿಡಿಸಿ ತೋರಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆ, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಸಂಸ್ಕೃತದಿಂದ ಕನ್ನಡಕ್ಕೆ ಎಂಬ ಒಂದೇ ದಿಕ್ಕಿನ ಹರಿವನ್ನು ಕಲಿತ ನಮಗೆ ಇದು ಎದುರು ದಿಕ್ಕಿನ ಹರಿವು. ಆ ಸಂಸ್ಕೃತ ಟೀಕೆಯ ಮೂಲಕ ಈ ವಿಚಾರ ಹದಿನೆಂಟನೆಯ ಶತಮಾನದಲ್ಲಿ ಜೈಪುರದ ಪಂಡಿತ ಟೋಡರಮಲ್ಲರ ಟೀಕೆಗೂ ಹೋಯಿತು. ಹೀಗೆ ಉತ್ತರದವರಿಗೂ ದಾರಿ ತೋರಿದ ಗದ್ಯವನ್ನು ಕನ್ನಡ ಎಂ.ಎ. ತರಗತಿಗಳಲ್ಲಿ ಗದ್ಯವೆಂದು ಓದಿಸುವುದು ಅಪರೂಪ. ವಡ್ಡಾರಾಧನೆಯ ಗದ್ಯ ಕಥೆ ಹೇಳುವುದರಲ್ಲಿ ಪಳಗಿದೆ; ಕನ್ನಡ ಗದ್ಯ ವಾದವನ್ನೂ ಲೆಕ್ಕವನ್ನೂ ಹೇಗೆ ಹೊತ್ತಿತು ಎಂದು ತಿಳಿಯಲು ಕೇಶವವರ್ಣಿಯಂಥವರನ್ನು ಓದಬೇಕು.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ, ಹನ್ನೆರಡನೆಯ ಶತಮಾನದ ಪಾರ್ಶ್ವನಾಥ ಬಸದಿ ಇದೆ. ಕಾಲದ ಲೆಕ್ಕದಲ್ಲಿ ಅದು ನೇಮಿಚಂದ್ರನ ಗಾಹೆಗೂ ಕೇಶವವರ್ಣಿಯ ವೃತ್ತಿಗೂ ಸುಮಾರು ನಟ್ಟನಡುವೆ ನಿಲ್ಲುತ್ತದೆ. ಅಂಥ ಬಸದಿಯ ಕಂಬಗಳನ್ನು, ಕೆತ್ತನೆಯನ್ನು ನೋಡಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಅಧ್ಯಾಪಕರು ಈ ಮೂರು ಗಾಹೆಗಳನ್ನೂ ಒಂದು ಹಾಳೆಯಲ್ಲಿ ಕೊಂಡೊಯ್ಯಬಹುದು. ಗಣಿತದ ಹುಡುಗರು 17ರಿಂದ ಭಾಗಿಸಲಿ, ಕನ್ನಡದ ಹುಡುಗರು ‘ಚ’ ಎಲ್ಲಿ ನಾಲ್ಕು, ಎಲ್ಲಿ ‘ಮತ್ತು’ ಎಂದು ಬಿಡಿಸಲಿ. ಎರಡೂ ಗುಂಪಿನವರು ಕೊನೆಗೆ ಒಂದೇ ಇಪ್ಪತ್ತು ಅಂಕಿಗಳಿಗೆ ಬಂದು ಸೇರಬೇಕು. ಸೇರದಿದ್ದರೆ ಯಾರ ಓದಿನಲ್ಲಿ ತಪ್ಪಿದೆ ಎಂದು ಅಲ್ಲೇ ಕೂತು ಹುಡುಕಬಹುದು.